ಹೊಸ ಹೆಡ್ ಮೇಡಂ, ದಣಿದ ಸ್ಟಾಫ್ ರೂಮ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ವಿಜಯಪುರ ಜಿಲ್ಲೆ ಸಿಂದಗಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಬಡ್ತಿ ಮೇಲೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ಹಿಂದಿನ ಹೆಡ್ ಮಾಸ್ತರು ನಿವೃತ್ತರಾದ ಮೇಲೆ ಹಿರಿಯ ಶಿಕ್ಷಕರೊಬ್ಬರು ಪ್ರಭಾರ ನೋಡಿಕೊಂಡಿದ್ದರು. ಅವರು ಈಗಲೂ ಇದೇ ಶಾಲೆಯಲ್ಲಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗಿನಿಂದ ದಿನಾ ಸಂಜೆ ಆರೂವರೆವರೆಗೆ ಎಲ್ಲರೂ ನಿಲ್ಲಬೇಕಿತ್ತು. ರಾತ್ರಿ ಹತ್ತಕ್ಕೂ ವಾಟ್ಸಾಪ್‌ನಲ್ಲಿ ಮಾಹಿತಿ ಕೇಳುತ್ತಿದ್ದರು. ಹತ್ತು ನಿಮಿಷ ತಡವಾದರೆ ನೋಟಿಸು. ಶಿಕ್ಷಕರು ಎಂಟು ಜನ, ಕ್ಲರ್ಕ್ ಹುದ್ದೆ ಖಾಲಿ. ಸ್ಟಾಫ್ ರೂಮಿನಲ್ಲಿ ಯಾರೂ ಯಾರ ಜೊತೆಗೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ. ಇಬ್ಬರು ವರ್ಗಾವಣೆಗೆ ಕಾಯುತ್ತಿದ್ದಾರೆ. ಇವರಲ್ಲಿ ಮತ್ತೆ ಹುರುಪು ತುಂಬುವುದು ಹೇಗೆ? ಹೊತ್ತಿಗೆ ಸರಿಯಾಗಿ ಅವರು ಮನೆಗೂ ಹೋಗಬೇಕು, ಫಲಿತಾಂಶವೂ ಬರಬೇಕು. ಒಂದು ಮೋಟಿವೇಶನ್ ಕಾರ್ಯಕ್ರಮ ಇಟ್ಟರೆ ಹೇಗೆ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾರ್ಯಕ್ರಮ ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ವಿಜಯಪುರದಿಂದ ಒಬ್ಬ ಭಾಷಣಕಾರರನ್ನು ಕರೆಸಿ, ಎರಡು ತಾಸು ಎಲ್ಲರನ್ನೂ ಕೂರಿಸಿ, ಕಡೆಗೆ ಶಾಲು ಹೊದಿಸಿ ಫೋಟೊ ತೆಗೆಸಿದರೆ ಏನಾಗುತ್ತದೆ ಗೊತ್ತಾ? ಈ ಎರಡು ತಾಸಿನ ಪೋರ್ಷನ್ ಯಾವಾಗ ಮುಗಿಸಲಿ ಅಂತ ಗಣಿತದ ಮಾಸ್ತರು ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಫೋಟೊ ಅಪ್‌ಲೋಡ್ ಮಾಡುವ ಕೆಲಸ ಇನ್ನೊಬ್ಬರ ತಲೆಗೆ ಬೀಳುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಇಷ್ಟು. ನಿಮ್ಮ ಶಿಕ್ಷಕರಿಗೆ ಪಾಠ ಮಾಡುವುದು ಬೇಜಾರಾಗಿಲ್ಲ. ಇವತ್ತು ಎಷ್ಟಕ್ಕೆ ಬಿಡುತ್ತಾರೆ, ರಾತ್ರಿ ಏನು ಕೇಳುತ್ತಾರೆ, ನಾಳೆ ಯಾರಿಗೆ ನೋಟಿಸು, ಇದ್ಯಾವುದೂ ಗೊತ್ತಿಲ್ಲದೆ ದಿನ ದೂಡಿ ದೂಡಿ ಸುಸ್ತಾಗಿದ್ದಾರೆ. ಕೆಲಸ ಜಾಸ್ತಿ ಇದ್ದರೆ ಹೇಗೋ ತಾಳಿಕೊಳ್ಳಬಹುದು. ಅದು ಯಾವಾಗ ಮುಗಿಯುತ್ತದೆ ಅಂತ ಗೊತ್ತಿರಬೇಕು, ಅಷ್ಟೆ. ಹಾಗಾಗಿ ಹುರುಪಿನ ಮಾತು ಆಮೇಲೆ. ಮೊದಲು ಅವರ ದಿನಕ್ಕೆ ಒಂದು ಶುರು, ಒಂದು ಕೊನೆ ಗೊತ್ತುಮಾಡಿ ಕೊಡಿ. ಮುಂದೆ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಕೆಲಸದಿಂದ ಬರುವ ಈ ದಣಿವಿಗೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿತು. ಆದರೆ ಕಾಯಿಲೆ ಅಂತ ಸೇರಿಸಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂತ ಸೇರಿಸಿತು. ಇದರ ಮೇಲೆ ದಶಕಗಟ್ಟಲೆ ಸಂಶೋಧನೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಅವರ ಜೊತೆಗಾರ ಮೈಕಲ್ ಲೈಟರ್ ಆರು ಕಡೆ ಕೈಯಿಟ್ಟು ನೋಡಿ ಅನ್ನುತ್ತಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಮನ್ನಣೆ, ಜೊತೆಗಾರರ ನಡುವಿನ ಹೊಂದಾಣಿಕೆ, ನ್ಯಾಯ, ಮತ್ತು ತಾನು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ತಾಳೆ. ಸಂಬಳ, ಹುದ್ದೆ ಭರ್ತಿ, ಪಠ್ಯಪುಸ್ತಕ ಇವು ನಿಮ್ಮ ಕೈಯಲ್ಲಿಲ್ಲ. ಆದರೆ ಹಿಡಿತ ಮತ್ತು ನ್ಯಾಯ, ಇವೆರಡು ಬಹುಪಾಲು ಹೆಡ್ ಕೈಯಲ್ಲೇ ಇವೆ. ಹೊರೆ ಅರ್ಧ ಇದೆ. ‘ಮನಸ್ಸು ಗಟ್ಟಿ ಮಾಡ್ಕೊಳ್ರಿ’ ಅಂತ ಶಿಕ್ಷಕರಿಗೆ ಹೇಳುವುದರಿಂದ ಏನೂ ಆಗುವುದಿಲ್ಲ. ತಪ್ಪಿರುವುದು ಕೆಲಸದ ವ್ಯವಸ್ಥೆಯಲ್ಲಿ.

ಎಷ್ಟು ತಪ್ಪಿದೆ ಅಂತ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ಬೆಳಿಗ್ಗೆ ಒಂಬತ್ತಕ್ಕೆ ವಿಶೇಷ ತರಗತಿಗೆ ಬಂದವರು ಸಂಜೆ ಆರೂವರೆಗೆ ಹೊರಟರೆ ದಿನಕ್ಕೆ ಒಂಬತ್ತೂವರೆ ತಾಸು. ಐದು ದಿನಕ್ಕೆ ನಲವತ್ತೇಳೂವರೆ. ಶನಿವಾರದ ನಾಲ್ಕು ಸೇರಿಸಿದರೆ ಐವತ್ತೊಂದೂವರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ತಾಸು ಅಂತಿದೆ, ಪಾಠದ ತಯಾರಿಯೂ ಅದರೊಳಗೇ ಬಂತು. ಆ ಕಾಯ್ದೆ ಇರುವುದು ಎಂಟನೇ ತರಗತಿವರೆಗೆ, ನಿಮ್ಮದು ಪ್ರೌಢಶಾಲೆ, ನಿಜ. ಆದರೂ ಅಳತೆಗೆ ಒಂದು ಅಂಕಿ ಬೇಕಲ್ವಾ? ಅದನ್ನೇ ಇಟ್ಟುಕೊಳ್ಳಿ.

ಇನ್ನೂ ನೋಟ್‌ಬುಕ್ ಲೆಕ್ಕಕ್ಕೆ ಬಂದಿಲ್ಲ. ತರಗತಿಗೆ ಐವತ್ತು ಮಕ್ಕಳಂತೆ ಎಂಟು, ಒಂಬತ್ತು, ಹತ್ತು ಮೂರಕ್ಕೂ ಒಬ್ಬರೇ ಪಾಠ ಮಾಡಿದರೆ ನೂರೈವತ್ತು ನೋಟ್‌ಬುಕ್. ಒಂದಕ್ಕೆ ಮೂರು ನಿಮಿಷ ಅಂದರೂ ಏಳೂವರೆ ತಾಸು. ಅದು ಮನೆಯಲ್ಲಿ, ರಾತ್ರಿ ಊಟ ಆದಮೇಲೆ. ಜೊತೆಗೆ ಬಸ್ಸು. ವಿಜಯಪುರದಿಂದ ಸಿಂದಗಿ 60 ಕಿಲೋಮೀಟರ್ ಹತ್ತಿರ. ಅಲ್ಲಿಂದ ದಿನಾ ಓಡಾಡುವವರಿಗೆ ಹೋಗಿ ಬರಲು ಮೂರು ತಾಸು ಸುಮ್ನೆ ಹೋಗುತ್ತದೆ. ಆರೂವರೆಗೆ ಬಿಟ್ಟರೆ ಮನೆ ಮುಟ್ಟುವಾಗ ಎಂಟು ದಾಟಿರುತ್ತದೆ. ಬೆಳಿಗ್ಗೆ ಏಳಕ್ಕೆ ಮತ್ತೆ ಬಸ್ ಸ್ಟ್ಯಾಂಡ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅಕ್ಕೋರುಗಳಿಗೆ, ಅಂದರೆ ಶಿಕ್ಷಕಿಯರಿಗೆ, ಟಿಕೆಟ್ ದುಡ್ಡು ಉಳಿಯಿತು, ಸೀಟು ಸಿಗುವುದು ಮಾತ್ರ ಕಷ್ಟವಾಯಿತು.

ಈ ಹಾಳೆಯನ್ನು ಮೊದಲ ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಇಡಿ. ಬೇರೆ ಭಾಷಣ ಬೇಕಾಗುವುದಿಲ್ಲ. ನಮ್ಮ ದಿನ ಹೇಗೆ ಹೋಗುತ್ತದೆ ಅಂತ ಹೆಡ್‌ಗೆ ಗೊತ್ತಿದೆ ಅನ್ನುವುದೇ ಅವರಿಗೆ ಹೊಸದು.

ಮೀಟಿಂಗಿಗೆ ಮುಂಚೆ ಒಬ್ಬೊಬ್ಬರ ಜೊತೆ ಹತ್ತು ಹತ್ತು ನಿಮಿಷ ಕೂತು ಮಾತಾಡಿ. ನಿಮ್ಮ ಚೇಂಬರಿಗೆ ಕರೆಸಬೇಡಿ. ಅವರಿಗೆ ಬಿಡುವಿನ ಪಿರಿಯಡ್ ಇದ್ದಾಗ ನೀವೇ ಹೋಗಿ ಕೂತುಕೊಳ್ಳಿ. ‘ಏನು ತೊಂದರೆ ಇದೆ’ ಅಂತ ಕೇಳಿದರೆ ‘ಏನಿಲ್ರಿ ಮೇಡಂ, ಎಲ್ಲಾ ಆರಾಮ ಐತ್ರಿ’ ಅನ್ನುತ್ತಾರೆ. ಹೊಸ ಹೆಡ್ ಎಂಥವರು ಅಂತ ಅವರಿಗಿನ್ನೂ ಗೊತ್ತಿಲ್ಲ, ಅವರಾದರೂ ಏನು ಮಾಡಬೇಕು? ಅದರ ಬದಲು ಹೀಗೆ ಕೇಳಿ: ‘ನಮ್ಮ ಶಾಲೆಯಲ್ಲಿ ಯಾವ ಕೆಲಸ ನಿಂತುಹೋದರೆ ಮಕ್ಕಳಿಗೆ ಏನೂ ನಷ್ಟ ಇಲ್ಲ?’ ಈ ಪ್ರಶ್ನೆಗೆ ಬಾಯಿ ಬಿಡದವರು ಕಡಿಮೆ. ‘ದಿನಾ ಪ್ರಾರ್ಥನೆ ಫೋಟೊ ಗ್ರೂಪಿಗೆ ಹಾಕೂದ್ ಒಂದ್ ಬಿಡಸ್ರಿ ಮೇಡಂ, ಸಾಕು’ ಅಂತ ಒಬ್ಬರು ಅನ್ನಬಹುದು. ಇನ್ನೊಬ್ಬರು ಒಂದೇ ಹಾಜರಿಯನ್ನು ಮೂರು ಕಡೆ ಬರೆಯುತ್ತಿರುವುದನ್ನು ತೋರಿಸಬಹುದು: ತರಗತಿ ಪುಸ್ತಕದಲ್ಲಿ, ಬಿಸಿಯೂಟದ ವಹಿಯಲ್ಲಿ, ಆಮೇಲೆ ಹೆಡ್ ಮಾಸ್ತರು ತಮಗೆ ಅಂತ ಮಾಡಿಸಿಕೊಂಡ ಇನ್ನೊಂದು ರಿಜಿಸ್ಟರಿನಲ್ಲಿ. ಮೊದಲಿನೆರಡು ಇಲಾಖೆಗೆ ಬೇಕು, ಮುಟ್ಟುವ ಹಾಗಿಲ್ಲ. ಮೂರನೆಯದನ್ನು ಅವತ್ತೇ ಬಂದ್ ಮಾಡಿ. ಶಾಲೆಯಲ್ಲಿರುವ ರಿಜಿಸ್ಟರುಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿ ನೋಡಿ. ಯಾವುದು ನಿಯಮದ್ದು, ಯಾವುದು ಯಾರೋ ಒಬ್ಬ ಹೆಡ್ ಯಾವಾಗಲೋ ಶುರು ಮಾಡಿ ಹೋದದ್ದು ಅಂತ ಗೊತ್ತಾಗುತ್ತದೆ. ಎರಡನೇ ರಾಶಿ ನೀವಂದುಕೊಂಡದ್ದಕ್ಕಿಂತ ದೊಡ್ಡದಿರುತ್ತದೆ.

ಆ ವಾರದೊಳಗೇ ಏನಾದರೂ ಒಂದು ನಿಂತದ್ದು ಅವರ ಕಣ್ಣಿಗೆ ಕಾಣಬೇಕು. ಕೇಳಿಸಿಕೊಂಡು ಸುಮ್ಮನಾಗುವ ಹೆಡ್‌ಗಿಂತ ಕೇಳದೇ ಇರುವ ಹೆಡ್ ವಾಸಿ.

ಈಗ ವಾಟ್ಸಾಪ್. ‘ರಾತ್ರಿ ಮೆಸೇಜ್ ಹಾಕುವುದಿಲ್ಲ’ ಅಂತ ನೀವು ಮಾತು ಕೊಟ್ಟರೂ ಮೇಲಿನಿಂದ ಬರುವುದು ನಿಲ್ಲುವುದಿಲ್ಲ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದಲೋ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರಿಂದಲೋ ರಾತ್ರಿ ಒಂಬತ್ತಕ್ಕೆ ‘ನಾಳೆ ಬೆಳಿಗ್ಗೆ 11ರೊಳಗೆ ತುರ್ತು ಮಾಹಿತಿ’ ಅಂತ ಬಂದೇ ಬರುತ್ತದೆ. ಅವರಿಗೂ ಇನ್ನೂ ಮೇಲಿನವರು ಕೇಳಿರುತ್ತಾರೆ, ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಇಲ್ಲಿ ನಿಮ್ಮ ಕೆಲಸ ಹೊಲದ ಒಡ್ಡಿನ ಕೆಲಸ. ಮೇಲಿಂದ ನುಗ್ಗಿ ಬರುವ ನೀರನ್ನು ಒಡ್ಡು ತಡೆದು ನಿಲ್ಲಿಸಿ, ಹೊಲಕ್ಕೆ ಬೇಕಾದಷ್ಟು ಇಂಗಿಸುತ್ತದೆ. ಒಡ್ಡು ಒಡೆದ ಹೊಲದಲ್ಲಿ ಮಣ್ಣೇ ಉಳಿಯುವುದಿಲ್ಲ. ಬಂದ ಮೆಸೇಜನ್ನು ಹಾಗೇ ಸ್ಟಾಫ್ ಗ್ರೂಪಿಗೆ ಫಾರ್ವರ್ಡ್ ಮಾಡುವ ಹೆಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದಕ್ಕೆ ಒಂದು ತಯಾರಿ ಬೇಕು. ಒಂದು ಉದ್ದ ಹಾಳೆಯಲ್ಲಿ ಅಥವಾ ಎಕ್ಸೆಲ್ ಶೀಟಿನಲ್ಲಿ ಶಾಲೆಯ ಎಲ್ಲ ಅಂಕಿ ಬರೆದಿಟ್ಟುಕೊಳ್ಳಿ. ತರಗತಿವಾರು, ವರ್ಗವಾರು ಮಕ್ಕಳ ಸಂಖ್ಯೆ, ಗಂಡು ಹೆಣ್ಣು ಎಷ್ಟು, ವಿಶೇಷ ಅಗತ್ಯದ ಮಕ್ಕಳು, ಕೊಠಡಿ, ಶೌಚಾಲಯ, ಕಂಪ್ಯೂಟರ್, ಬೆಂಚು, ಸೈನ್ಸ್ ಲ್ಯಾಬ್ ಸಾಮಾನು, ಶಿಕ್ಷಕರ ಸೇವಾ ವಿವರ, ಬ್ಯಾಂಕ್ ಖಾತೆ. ಇಲಾಖೆಯ ಆನ್‌ಲೈನ್ ದಾಖಲೆಗಳಾದ ಸ್ಯಾಟ್ಸ್‌ನಲ್ಲಿ, ಯುಡೈಸ್‌ನಲ್ಲಿ ತುಂಬಿದ ಅಂಕಿಗೂ ಇದಕ್ಕೂ ತಾಳೆ ಇರಲಿ. ತಿಂಗಳ ಮೊದಲ ಶನಿವಾರ ಒಂದು ಸಲ ತಿದ್ದಿ. ಕೇಳುವ ‘ತುರ್ತು ಮಾಹಿತಿ’ಯಲ್ಲಿ ಬಹುತೇಕ ಹಳೆಯ ಅಂಕಿಯನ್ನೇ ಹೊಸ ನಮೂನೆಯಲ್ಲಿ ಕೇಳಿರುತ್ತಾರೆ. ಯಾರನ್ನೂ ಎಬ್ಬಿಸದೆ ನೀವೇ ಹತ್ತು ನಿಮಿಷದಲ್ಲಿ ಕಳಿಸಬಹುದು. ಉಳಿದದ್ದನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಕೇಳಿ. ಸ್ಟಾಫ್ ಗ್ರೂಪಿಗೆ ಸಂಜೆ ಆರರ ಮೇಲೆ ಬೀಗ. ನಿಜವಾಗಿ ತುರ್ತಿದ್ದರೆ, ಒಂದು ಮಗು ಮನೆ ಮುಟ್ಟಿಲ್ಲ ಅನ್ನುವಂಥದ್ದಿದ್ದರೆ, ಫೋನ್ ಮಾಡಿ. ಎರಡು ತಿಂಗಳು ಹೀಗೆ ನಡೆಸಿದರೆ ಫೋನ್ ಟಿಣ್ ಅಂದರೆ ಎದೆ ಝಲ್ ಅನ್ನುವುದು ತಾನಾಗಿ ಕಡಿಮೆಯಾಗುತ್ತದೆ.

ಕ್ಲರ್ಕ್ ಇಲ್ಲದ ಕಷ್ಟ ಬೇರೆ. ಸಂಬಳದ ಬಿಲ್ಲು, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಮಂಡಳಿಗೆ ಮಕ್ಕಳ ನೋಂದಣಿ, ಇದೆಲ್ಲ ಕಂಪ್ಯೂಟರ್ ಬಲ್ಲ ಒಬ್ಬ ಶಿಕ್ಷಕರ ಮೇಲೆ ಬಿದ್ದಿರುತ್ತದೆ. ಸಾಮಾನ್ಯವಾಗಿ ವಿಜ್ಞಾನದವರ ಮೇಲೆ. ಅವರು ಯಾರು ಅಂತ ಹುಡುಕಿ, ಎಂಟು ಜನರಲ್ಲಿ ಜಾಸ್ತಿ ದಣಿದವರು ಅವರೇ. ಇನ್ನಿಬ್ಬರಿಗೆ ಆ ಕೆಲಸ ಕಲಿಸಿ ಹಂಚಿ. ಒಬ್ಬರೇ ಬಲ್ಲವರಾಗಿ ಉಳಿದರೆ ಅವರಿಗೆ ರಜೆಯೂ ಇಲ್ಲ, ವರ್ಗಾವಣೆಯೂ ಇಲ್ಲ. ಪಕ್ಕದ ಶಾಲೆಯ ಕ್ಲರ್ಕ್ ವಾರಕ್ಕೆ ಒಂದೆರಡು ದಿನ ಬಂದುಹೋಗುವ ಹಾಗೆ ನಿಯೋಜನೆ ಕೊಡಿ ಅಂತ ಬಿಇಓ ಅವರಿಗೆ ಪತ್ರವನ್ನೂ ಬರೆಯಿರಿ. ಬಾಯಲ್ಲಿ ಕೇಳಿದರೆ ಮರೆತುಹೋಗುತ್ತದೆ.

ಸಂಜೆ ತರಗತಿಯ ಮಾತಿಗೆ ಬರೋಣ. ನಿಮಗೆ ದೊಡ್ಡ ಹೆದರಿಕೆ ಇದೇ ತಾನೆ? ಬೇಗ ಬಿಟ್ಟರೆ ಫಲಿತಾಂಶ ಬಿದ್ದೀತು, ಬಿದ್ದರೆ ನನ್ನ ತಲೆಗೆ ಬಂದೀತು. ಮೊದಲು ಅಂಕಿ ನೋಡಿ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂತು, ಕೃಪಾಂಕ ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕುಸಿದದ್ದು ನಿಮ್ಮ ಶಾಲೆಯೊಂದೇ ಅಲ್ಲ. ಆ ವರ್ಷ ನಿಮ್ಮ ಶಿಕ್ಷಕರು ಏಕಾಏಕಿ ಸೋಮಾರಿಗಳಾದರು ಅಂತ ಯಾರಾದರೂ ಅಂದರೆ ನಂಬಬೇಡಿ. ಅದನ್ನು ಅವರಿಗೂ ಬಾಯಿಬಿಟ್ಟು ಹೇಳಿ. ಅವರು ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಇನ್ನು ಸಂಜೆ ಎಂಟೂ ಜನ ನಿಂತು ಏನು ಮಾಡುತ್ತಿದ್ದರು ಅಂತ ವಿಚಾರಿಸಿ. ಒಬ್ಬರು ಪಾಠ ಮಾಡುತ್ತಿದ್ದರು, ಏಳು ಜನ ಕೂತಿದ್ದರು ಅಂತಲೇ ಗೊತ್ತಾಗುತ್ತದೆ. ಹತ್ತನೇ ತರಗತಿ ಇರುವುದು ಒಂದೇ ಅಲ್ವಾ? ವಿಷಯ ಆರು, ವಾರಕ್ಕೆ ದಿನ ಆರು. ಸೋಮವಾರ ಗಣಿತ, ಮಂಗಳವಾರ ಇಂಗ್ಲಿಷ್, ಹೀಗೆ ದಿನಕ್ಕೊಂದು ವಿಷಯ, ದಿನಕ್ಕೊಬ್ಬರು ಶಿಕ್ಷಕರು. ಶನಿವಾರದ್ದು ಬೆಳಗಿನ ಶಾಲೆ ಬಿಟ್ಟಮೇಲೆ ಒಂದು ತಾಸು. ಜೊತೆಗೆ ಸರದಿ ಮೇಲೆ ಇನ್ನೊಬ್ಬರು ಇರಲಿ. ಹೆಣ್ಣುಮಕ್ಕಳು ಇರುವಾಗ ಶಾಲೆಯಲ್ಲಿ ಒಬ್ಬರೇ ಇರುವುದು ಸರಿಯಲ್ಲ. ಇದಕ್ಕೆ ದೈಹಿಕ ಶಿಕ್ಷಕರು, ಚಿತ್ರಕಲೆಯವರು, ನೀವು, ಎಲ್ಲರೂ ಸೇರಿ. ಐದೂವರೆಗೆ ಮುಗಿಯಲಿ. ಆಗ ಒಬ್ಬ ವಿಷಯ ಶಿಕ್ಷಕರು ವಾರಕ್ಕೆ ಒಂದು ಸಂಜೆ, ಹೆಚ್ಚೆಂದರೆ ಎರಡು ಸಂಜೆ ನಿಲ್ಲುತ್ತಾರೆ. ಯಾವ ಸಂಜೆ ಅಂತ ಜೂನ್‌ನಲ್ಲೇ ಗೊತ್ತಿರುತ್ತದೆ. ಮಗಳ ಟ್ಯೂಷನ್ನು, ಅತ್ತೆಯವರ ದವಾಖಾನೆ, ಊರ ಸಂತೆ, ಎಲ್ಲದಕ್ಕೂ ಲೆಕ್ಕ ಹಾಕಿಕೊಳ್ಳಬಹುದು.

ಎಲ್ಲ ಮಕ್ಕಳನ್ನೂ ನಿಲ್ಲಿಸುವ ಅಗತ್ಯವೂ ಇಲ್ಲ. ಮೊದಲ ಘಟಕ ಪರೀಕ್ಷೆ ಆದಮೇಲೆ ಯಾವ ಮಗುವಿಗೆ ಯಾವ ವಿಷಯ ಕಷ್ಟ ಅಂತ ಪಟ್ಟಿ ಮಾಡಿ, ಅವತ್ತಿನ ವಿಷಯ ಬೇಕಾದವರು ಮಾತ್ರ ಉಳಿಯಲಿ. ಹದಿನೈದು ಮಕ್ಕಳ ಮುಂದೆ ಒಂದು ತಾಸು ಕೂತರೆ ಆಗುವ ಕೆಲಸ ಐವತ್ತು ಮಕ್ಕಳ ಮುಂದೆ ಎರಡು ತಾಸು ನಿಂತರೂ ಆಗುವುದಿಲ್ಲ. ಆ ಹಿಂದುಳಿದ ಗುಂಪಿನ ಒಂದು ವಿಷಯವನ್ನು ನೀವೇ ತೆಗೆದುಕೊಳ್ಳಿ ಮೇಡಂ. ನಿಮ್ಮ ವಿಷಯ ಯಾವುದಾದರೂ ಸರಿ. ಹೆಡ್ ಕೈಗೂ ಚಾಕ್‌ಪೀಸಿನ ಪುಡಿ ಹತ್ತಿದೆ ಅಂತ ಸ್ಟಾಫ್ ರೂಮಿಗೆ ಗೊತ್ತಾದರೆ ಅರ್ಧ ಮಾತು ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಕಡೆ ಇನ್ನೊಂದು ಇದೆ. ದೀಪಾವಳಿ ಮುಗಿಯುತ್ತಿದ್ದ ಹಾಗೆ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಮಕ್ಕಳೂ ಹೋಗುತ್ತಾರೆ, ಇಲ್ಲವೇ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಆ ಮಕ್ಕಳ ಗೈರುಹಾಜರಿಗೂ ಫೇಲಿಗೂ ತರಗತಿ ಶಿಕ್ಷಕರನ್ನೇ ಹೊಣೆ ಮಾಡಿದರೆ ಯಾರಿಗೆ ತಾನೆ ಬೇಸರ ಆಗುವುದಿಲ್ಲ? ಗುಳೆ ಹೋಗುವ ಮನೆಗಳ ಪಟ್ಟಿಯನ್ನು ಅಕ್ಟೋಬರ್‌ಗೆ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದಿಡಿ. ಹತ್ತನೇ ತರಗತಿ ಮಗುವನ್ನು ಅಜ್ಜಿ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಡಿಸುವ ಮಾತು ಊರಿನ ಹಿರಿಯರಿಂದ ಬರಲಿ. ಮಾಸ್ತರು ಹೋಗಿ ಹೇಳಿದರೆ ಒಂದು ತೂಕ, ಊರ ಗೌಡರು ಹೇಳಿದರೆ ಇನ್ನೊಂದು ತೂಕ. ಸಂಜೆ ತರಗತಿಯ ಹೊಸ ವೇಳಾಪಟ್ಟಿಯನ್ನೂ ಅದೇ ಸಭೆಯಲ್ಲಿ ಓದಿ ಠರಾವು ಮಾಡಿಸಿ. ‘ಹೊಸ ಮೇಡಂ ಬಂದಮ್ಯಾಲೆ ಮಾಸ್ತರು ಲಗೂನ ಹೋಗಾಕತ್ತಾರ’ ಅಂತ ಊರಲ್ಲಿ ಮಾತು ಹುಟ್ಟುವ ಮುಂಚೆ ಈ ಕೆಲಸ ಆಗಬೇಕು.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಯಿತಲ್ಲ, ಅದರಿಂದ ಮಕ್ಕಳಿಗೆ ಒಳ್ಳೆಯದಾಯಿತು. ಶಿಕ್ಷಕರ ಬೇಸಿಗೆ ರಜೆ ಮಾತ್ರ ಹರಿದು ಹಂಚಿಹೋಯಿತು. ಯಾವ ವಿಷಯದಲ್ಲಿ ಮಕ್ಕಳು ಉಳಿದಿದ್ದಾರೋ ಆ ಶಿಕ್ಷಕರು ಮಾತ್ರ, ಅದೂ ಸರದಿ ಮೇಲೆ ಬರಲಿ. ರಜೆಯಲ್ಲಿ ಕರ್ತವ್ಯಕ್ಕೆ ಕರೆದ ಆದೇಶದ ಪ್ರತಿ ಮತ್ತು ಹಾಜರಿ ಎರಡನ್ನೂ ಫೈಲಿನಲ್ಲಿ ಇಡಿ. ನಿಯಮದ ಪ್ರಕಾರ ಅದಕ್ಕೆ ಗಳಿಕೆ ರಜೆ ಬರುತ್ತದೆ. ಅದನ್ನು ಸೇವಾ ಪುಸ್ತಕದಲ್ಲಿ ಬರೆಸುವ ಓಡಾಟ ಹೆಡ್ ಮಾಡಬೇಕು.

ನೋಟ್‌ಬುಕ್ ವಿಷಯಕ್ಕೆ ಒಂದು ದಾರಿ ಇದೆ. ನೂರೈವತ್ತು ಪುಸ್ತಕದ ಪ್ರತಿ ಪುಟಕ್ಕೂ ಕೆಂಪು ಸರಿ ಗುರುತು ಹಾಕುವುದರಿಂದ ಕಲಿಯುವವರು ಯಾರೂ ಇಲ್ಲ, ಅದು ತಪಾಸಣೆಗೆ ಬಂದವರಿಗೆ ತೋರಿಸಲು. ವಾರಕ್ಕೆ ಒಂದು ಪ್ರಶ್ನೆ ಆರಿಸಿ, ಅದನ್ನು ಮಾತ್ರ ಪೂರ್ತಿ ಓದಲಿ. ಓದುವಾಗ ಎಲ್ಲರೂ ಮಾಡಿದ ಎರಡು ಮೂರು ತಪ್ಪುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಮರುದಿನ ಆ ತಪ್ಪುಗಳನ್ನೇ ಬೋರ್ಡಿನ ಮೇಲೆ ಹಾಕಿ ಮಕ್ಕಳಿಂದಲೇ ತಿದ್ದಿಸಲಿ. ಉಳಿದ ಉತ್ತರಗಳನ್ನು ಜೋಡಿ ಮಕ್ಕಳು ಬದಲಾಯಿಸಿಕೊಂಡು ನೋಡಲಿ. ಏಳೂವರೆ ತಾಸಿನ ಕೆಲಸ ಮೂರಕ್ಕೆ ಇಳಿಯುತ್ತದೆ, ಮಕ್ಕಳಿಗೂ ಜಾಸ್ತಿ ಉಪಯೋಗ. ಆದರೆ ಹೀಗೆ ಮಾಡಿ ಅಂತ ಹೇಳುವುದಷ್ಟೇ ಸಾಲದು. ‘ಈ ಶಾಲೆಯಲ್ಲಿ ತಿದ್ದುವ ಪದ್ಧತಿ ಹೀಗೆ’ ಅಂತ ನೀವು ಬರೆದು ಸಹಿ ಹಾಕಿ ಕೊಡಿ. ನಾಳೆ ತಪಾಸಣೆಗೆ ಬಂದವರು ಕೇಳಿದರೆ ಶಿಕ್ಷಕರು ನಿಮ್ಮ ಹಾಳೆ ತೋರಿಸಬೇಕು. ಅಷ್ಟು ಹೊಣೆ ಹೊರದಿದ್ದರೆ ಯಾರೂ ಹಳೆಯ ಪದ್ಧತಿ ಬಿಡುವುದಿಲ್ಲ, ಬಿಡಲೂಬಾರದು.

ನ್ಯಾಯದ ಮಾತು ಅಂದೆನಲ್ಲ, ಅದು ಮುಖ್ಯವಾಗಿ ಡ್ಯೂಟಿ ಹಂಚುವುದರಲ್ಲಿದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಕಾಗದದ ಮೇಲೆ ಹೀಗಿದೆ. 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರು ಯಾರು ಅಂತ ನಿಮಗೇ ಗೊತ್ತು. ಸಮೀಕ್ಷೆ ಮುಗಿಯಲಿಲ್ಲ ಅಂತ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮೇಲಿನ ಆದೇಶ ಬಂದರೆ ಹೆಡ್ ಏನೂ ಮಾಡಲಾಗದು. ಆದರೆ ಪ್ರತಿ ಸಲವೂ ಇಲ್ಲ ಅನ್ನಲು ಬಾರದ ಅದೇ ಮೂವರ ಹೆಸರು ಹೋಗುವುದು, ಬಾಯಿ ಇರುವ ಇಬ್ಬರು ಪ್ರತಿ ಸಲವೂ ತಪ್ಪಿಸಿಕೊಳ್ಳುವುದು, ಇದನ್ನು ನಿಲ್ಲಿಸುವುದು ಹೆಡ್ ಕೈಯಲ್ಲೇ ಇದೆ. ಸ್ಟಾಫ್ ರೂಮಿನ ಗೋಡೆಗೆ ಒಂದು ಚಾರ್ಟ್ ಅಂಟಿಸಿ. ಬಿಎಲ್‌ಓ (ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ) ಯಾರು, ತರಬೇತಿಗೆ ಹೋದವರು ಯಾರು, ಅವರ ಪಿರಿಯಡ್ ತೆಗೆದುಕೊಂಡವರು ಯಾರು, ಪರೀಕ್ಷಾ ಮೇಲ್ವಿಚಾರಣೆ, ಪ್ರತಿಭಾ ಕಾರಂಜಿ, ಬಿಸಿಯೂಟದ ಲೆಕ್ಕ, ಕ್ಷೀರಭಾಗ್ಯ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ. ಎಲ್ಲ ಹೆಸರು, ತಾರೀಖು ಸಮೇತ. ನೀವು ಯಾರಿಗೂ ಏನೂ ಹೇಳಬೇಕಿಲ್ಲ. ಗೋಡೆ ನೋಡಿದರೆ ಮುಂದಿನ ಸರದಿ ಯಾರದ್ದು ಅಂತ ಅವರಿಗೇ ಗೊತ್ತಾಗುತ್ತದೆ.

ಹಳೆಯ ನೋಟಿಸುಗಳಿಗೆ ಒಂದು ಮುಕ್ತಾಯ ಬೇಕು. ಅವನ್ನು ಹರಿದು ಹಾಕಬೇಡಿ, ಕಚೇರಿ ದಾಖಲೆ ಅದು. ಫೈಲ್ ತೆಗೆದು ನೋಡಿ. ಶಾಲೆಯಲ್ಲೇ ಉಳಿದ, ಮೇಲೆ ಕಳಿಸದ ಸಣ್ಣಪುಟ್ಟ ಕಾರಣ ಕೇಳಿ ನೋಟಿಸುಗಳಿದ್ದರೆ, ಶಿಕ್ಷಕರು ಕೊಟ್ಟ ಸಮಜಾಯಿಷಿ ಓದಿ, ‘ಉತ್ತರ ಒಪ್ಪಿದೆ, ಪ್ರಕರಣ ಮುಕ್ತಾಯಗೊಳಿಸಿದೆ’ ಅಂತ ಬರೆದು, ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡಿ. ಎಲ್ಲರೆದುರು ಬೇಡ. ಹತ್ತು ನಿಮಿಷದ ತಡಕ್ಕೆ ನೋಟಿಸು ತಿಂದು ಅದನ್ನು ಮನೆಯಲ್ಲೂ ಹೇಳದೆ ಇಟ್ಟುಕೊಂಡ ಮನುಷ್ಯನಿಗೆ ಆ ಒಂದು ಹಾಳೆ ಎಷ್ಟು ಹಗುರ ಮಾಡುತ್ತದೆ ಅಂತ ಕೊಟ್ಟ ದಿನ ನೋಡುತ್ತೀರಿ.

ಪ್ರಭಾರ ಇದ್ದ ಹಿರಿಯ ಸರ್ ವಿಷಯ ನಾಜೂಕು. ನಿನ್ನೆವರೆಗೆ ಆ ಕುರ್ಚಿಯಲ್ಲಿದ್ದವರು ಇವತ್ತು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಿದ್ದಾರೆ. ಅವರ ಕಾಲದ ಆರೂವರೆ ತರಗತಿಯನ್ನು ನೀವು ನಿಲ್ಲಿಸುತ್ತಿದ್ದೀರಿ. ಅದು ಅವರಿಗೆ ಚುಚ್ಚದೆ ಇರುತ್ತದೆಯೇ? ಬದಲಾವಣೆ ಏನೇ ಇದ್ದರೂ ಮೀಟಿಂಗಿಗೆ ಮುಂಚೆ ಅವರಿಗೆ ಹೇಳಿ. ‘ಸರ್, ಹೀಗೆ ಮಾಡೋಣ ಅಂತಿದ್ದೇನೆ, ನಿಮಗೇನನ್ನಿಸುತ್ತದೆ’ ಅಂತ. ಫಲಿತಾಂಶದ ಒತ್ತಡ ಅವರ ಮೇಲೂ ಇತ್ತು, ಅವರೂ ಹೆದರಿಯೇ ಹಾಗೆ ನಡೆಸಿದ್ದು. ಹಿಂದಿನವರ ಬಗ್ಗೆ ಎಲ್ಲಿಯೂ ಒಂದು ಕೆಟ್ಟ ಮಾತು ಆಡಬೇಡಿ. ನಿಮ್ಮನ್ನು ಮೆಚ್ಚಿಸಲು ಯಾರಾದರೂ ಶುರು ಮಾಡಿದರೆ ವಿಷಯ ಬದಲಿಸಿ. ಇವತ್ತು ಅವರ ಬಗ್ಗೆ ಆಡಿದವರು ನಾಳೆ ನಿಮ್ಮ ಬಗ್ಗೆ ಆಡುತ್ತಾರೆ. ಆ ಹಿರಿಯರಿಗೆ ಒಂದು ನಿಜವಾದ ಕೆಲಸ ಕೊಡಿ, ಗುಳೆ ಮನೆಗಳ ಪಟ್ಟಿಯಂಥದ್ದು. ಊರು ಬಲ್ಲವರು ಅವರು.

ರಜೆ ವಿಷಯದಲ್ಲಿ ಹೇಳುವುದು ಸ್ವಲ್ಪವೇ. ಸಾಂದರ್ಭಿಕ ರಜೆ ಚೀಟಿ ಹಿಡಿದು ಬಂದವರನ್ನು ‘ಯಾಕೆ, ಏನು, ಇವತ್ತೇ ಬೇಕಾ’ ಅಂತ ವಿಚಾರಣೆ ಮಾಡಬೇಡಿ. ಅವರ ಪಿರಿಯಡ್ ಯಾರು ನೋಡಿಕೊಳ್ಳುತ್ತಾರೆ ಅಂತ ಮಾತ್ರ ಕೇಳಿ. ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ ಇದೆ, ಮಗುವಿಗೆ ಹದಿನೆಂಟು ತುಂಬುವವರೆಗೆ, ಸೇವೆಯಲ್ಲಿ ಒಟ್ಟು 180 ದಿನ. ಕೇಳಲು ಹಿಂಜರಿಯುವವರೇ ಜಾಸ್ತಿ. ನೀವೇ ತಿಳಿಸಿ. ಹತ್ತನೇ ತರಗತಿ ಪರೀಕ್ಷೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೇಳದ ಹಾಗೆ ವರ್ಷದ ಮೊದಲೇ ಮಾತಾಡಿಕೊಂಡರೆ ಮುಗಿಯಿತು. ಅಂದಹಾಗೆ, ಶಿಕ್ಷಕಿಯರಿಗೆ ನೀರು, ಚಿಲಕ ಎರಡೂ ಇರುವ ಶೌಚಾಲಯ ಇದೆಯೇ ನೋಡಿ. ಇಲ್ಲದಿದ್ದರೆ ಮೇಲೆ ಹೇಳಿದ್ದಕ್ಕಿಂತ ಮೊದಲು ಅದನ್ನು ಮಾಡಿಸಿ.

ಸಡಿಲ ಬಿಟ್ಟರೆ ಅದನ್ನೇ ಬಳಸಿಕೊಳ್ಳುವವರು ಒಬ್ಬರಾದರೂ ಇರುತ್ತಾರೆ. ಹನ್ನೊಂದಕ್ಕೆ ಬಂದು ಹತ್ತರ ಸಹಿ ಹಾಕುವವರು. ಅವರೊಬ್ಬರಿಗಾಗಿ ಎಂಟೂ ಜನರಿಗೆ ಹೊಸ ನಿಯಮ ಮಾಡಬೇಡಿ. ಹಿಂದೆ ಆದದ್ದೇ ಅದು. ಒಬ್ಬರನ್ನೇ ಕೂರಿಸಿ, ತಾರೀಖು ಸಮೇತ ಹೇಳಿ, ಕಾರಣ ಇದ್ದರೆ ಕೇಳಿ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇರಬಹುದು, ಬಸ್ ಸಮಯ ಬದಲಾಗಿರಬಹುದು. ಮೊದಲ ಪಿರಿಯಡ್ ಬೇರೆಯವರಿಗೆ ಕೊಟ್ಟರೆ ಸರಿಹೋಗುವ ಹಾಗಿದ್ದರೆ ಕೊಡಿ. ಆಮೇಲೂ ಅದೇ ಹಾಡಾದರೆ ಆಗ ನೋಟಿಸು ಕೊಡಿ, ಬಿಡಬೇಡಿ. ಹೊತ್ತಿಗೆ ಸರಿಯಾಗಿ ಬರುವ ಏಳು ಜನ ಅದನ್ನು ನೋಡುತ್ತಿರುತ್ತಾರೆ.

ಒಬ್ಬರಿಗೆ ವಾರಗಟ್ಟಲೆ ನಿದ್ದೆ ಇಲ್ಲ, ತರಗತಿಯಲ್ಲಿ ಕಣ್ಣೀರು ಬರುತ್ತದೆ, ಬದುಕು ಸಾಕು ಅನ್ನುವ ಮಾತು ಬಾಯಿಗೆ ಬರುತ್ತಿದೆ ಅಂತ ಕಂಡರೆ ಅದನ್ನು ವೇಳಾಪಟ್ಟಿ ಬದಲಿಸಿ ಸರಿ ಮಾಡಲಾಗದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ. ಈ ನಂಬರನ್ನು ಒಬ್ಬರ ಕೈಗೆ ಕೊಟ್ಟು ಮುಜುಗರ ಮಾಡುವ ಬದಲು, ಡ್ಯೂಟಿ ಚಾರ್ಟಿನ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ.

ಕಡೆಗೆ ಆ ಇಬ್ಬರ ವರ್ಗಾವಣೆ. ‘ಹೋಗಬೇಡಿ’ ಅಂತ ಅಂಗಲಾಚಬೇಡಿ, ಅರ್ಜಿಯನ್ನು ಡ್ರಾಯರಿನಲ್ಲಿ ಕೂರಿಸಲೂಬೇಡಿ. ಬಂದ ದಿನವೇ ಸಹಿ ಮಾಡಿ ಕಳಿಸಿ. ಅವರಲ್ಲಿ ಒಬ್ಬರು ಗಂಡ ಹೆಂಡತಿ ಬೇರೆ ಬೇರೆ ತಾಲ್ಲೂಕಿನಲ್ಲಿದ್ದಾರೆ ಅಂತ ಕೇಳಿರಬಹುದು. ಅದು ನಿಮ್ಮ ಶಾಲೆ ಸರಿಹೋದರೂ ಬದಲಾಗದ ಕಾರಣ. ಇನ್ನೊಬ್ಬರದ್ದು ಆರೂವರೆ ತರಗತಿಯೇ ಕಾರಣ ಆಗಿದ್ದರೆ, ಹೊಸ ಜಾಗ ಆರಿಸಿಕೊಳ್ಳುವ ವರ್ಗಾವಣೆ ಕೌನ್ಸೆಲಿಂಗ್ ದಿನ ಅವರೇ ಯೋಚನೆ ಮಾಡುತ್ತಾರೆ. ಇಬ್ಬರೂ ಹೋದರು ಅಂತಲೇ ಲೆಕ್ಕ ಹಾಕಿ, ಆ ಎರಡು ವಿಷಯಕ್ಕೆ ಅತಿಥಿ ಶಿಕ್ಷಕರು ಬೇಕು ಅನ್ನುವ ಬೇಡಿಕೆ ಪತ್ರವನ್ನು ಈಗಲೇ ಸಿದ್ಧ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಅವರ ಪಿರಿಯಡ್‌ಗಳು ಉಳಿದ ಆರು ಜನರ ಮೇಲೆ ಬಿದ್ದು, ನೀವು ಇಷ್ಟೆಲ್ಲ ಮಾಡಿ ಉಳಿಸಿಕೊಟ್ಟ ಸಂಜೆಗಳು ಮತ್ತೆ ಹೋಗುತ್ತವೆ.